ಹನಿಯ ಲೆಕ್ಕ: ಮನೆಬಳಕೆಯ ನೀಲಗಿರಿ ಎಣ್ಣೆ ಮತ್ತು ಕರ್ಪೂರದ ಗುಣ, ಪ್ರಮಾಣ, ಅಪಾಯ

ಮನೆಯಲ್ಲಿ ಸುಗಂಧ ತೈಲ ಬಳಸುವ ವಾಡಿಕೆಯ ಕುರಿತ ಬರಹಗಳು ಸಾಮಾನ್ಯವಾಗಿ ಲ್ಯಾವೆಂಡರ್‌ನಿಂದ ಶುರುವಾಗಿ, ಫ್ರಾನ್ಸಿನ ರಸಾಯನ ವಿಜ್ಞಾನಿ ರೆನೆ ಮಾರಿಸ್ ಗಟೆಫೋಸೆ 1937ರಲ್ಲಿ ಪ್ರಕಟಿಸಿದ ಅರೋಮಾಥೆರಪಿ ಗ್ರಂಥದತ್ತ ಹೊರಳುತ್ತವೆ. ಕನ್ನಡ ನಾಡಿನ ಮನೆಗಳ ಮಟ್ಟಿಗೆ ಈ ಆರಂಭ ಹೊಂದುವುದಿಲ್ಲ. ನೆಗಡಿ ಹಿಡಿದರೆ ನಮ್ಮ ಕೈ ಹೋಗುವುದು ನೀಲಗಿರಿ ಎಣ್ಣೆಯ ಸೀಸೆಗೆ, ಕರ್ಪೂರದ ಡಬ್ಬಿಗೆ. ಡಿಫ್ಯೂಸರ್ ಕೊಳ್ಳದ ಮನೆಗಳಲ್ಲೂ ಈ ಎರಡು ಇರುತ್ತವೆ. ಇವುಗಳ ಉಪಕಾರ ನಿಜ, ಆದರೆ ಅಲ್ಪ. ಅಪಾಯವೂ ನಿಜ, ಮತ್ತು ಅದು ನಾವು ಎಣಿಸಿರುವುದಕ್ಕಿಂತ ದೊಡ್ಡದು. ಈ ಅಂತರ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ನೀಲಗಿರಿ ಮರ ಆಸ್ಟ್ರೇಲಿಯಾ ಮೂಲದ್ದು. ಊಟಿಯ ಸುತ್ತ ಅದನ್ನು ನೆಡತೊಡಗಿದ್ದು 1843ರ ಸುಮಾರಿಗೆ, ಮುಖ್ಯವಾಗಿ ಸೌದೆಗಾಗಿ. ಎಣ್ಣೆಗೆ ಹೆಸರಾದದ್ದು ಅಲ್ಲಿನ ಗ್ಲೋಬ್ಯುಲಸ್ ಜಾತಿ. ನಮ್ಮ ಬಯಲುಸೀಮೆಯ ತೋಪುಗಳಲ್ಲಿ ಕಾಣುವ ‘ಮೈಸೂರು ಗಮ್’ ಬೇರೆ. ಅದನ್ನು ಬೆಳೆಸಿದ್ದು ಕಾಗದದ ತಿರುಳಿಗೆ ಮತ್ತು ಉರುವಲಿಗೆ. ಎಲೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದಾಗ ಸಿಗುವ ಎಣ್ಣೆಯ ಮುಖ್ಯ ಘಟಕ ಸಿನಿಯೋಲ್. ಔಷಧ ದರ್ಜೆಯ ಎಣ್ಣೆಯಲ್ಲಿ ಇದರ ಪಾಲು ಶೇ. 70ಕ್ಕೆ ಕಡಿಮೆ ಇರಬಾರದು.

ಹಸಿ ಎಲೆಯಲ್ಲಿ ಎಣ್ಣೆಯ ಅಂಶ ಶೇ. 1ರಿಂದ 2ರ ಆಸುಪಾಸು ಮಾತ್ರ. ಬಾಣಂತಿಯ ಸ್ನಾನದ ಹಂಡೆಗೆ ಒಂದು ಹಿಡಿ ನೀಲಗಿರಿ ಸೊಪ್ಪು ಹಾಕಿ ಕಾಯಿಸಿದರೆ ಇಡೀ ಬಚ್ಚಲಿಗೆ ಹರಡುವ ಎಣ್ಣೆ ಕೆಲವೇ ಹನಿ. ಅದೇ ಒಂದು ಚಹಾ ಚಮಚೆ, ಅಂದರೆ 5 ಮಿ.ಲೀ. ಎಣ್ಣೆಯ ಹಿಂದೆ ಕಾಲು ಕಿಲೋದಿಂದ ಅರ್ಧ ಕಿಲೋ ಎಲೆ ಇರುತ್ತದೆ. ಓಮವನ್ನು ಬಟ್ಟೆಯಲ್ಲಿ ಕಟ್ಟಿ ಬೆಚ್ಚಗೆ ಮಾಡಿ ಮೂಸಿಸುತ್ತಿದ್ದ ಅಜ್ಜಿಯರ ಅನುಭವ ಗಿಡದ ಅಳತೆಯದು. ಆ ಅನುಭವದ ಧೈರ್ಯವನ್ನು ಸೀಸೆಗೂ ವಿಸ್ತರಿಸಿದ್ದೇ ಇಂದಿನ ತೊಂದರೆಯ ಬೇರು ಎಂಬುದು ನನ್ನ ಅಭಿಪ್ರಾಯ.

ಇನ್ನು ಉಪಕಾರದ ವಿಚಾರ. ನೀಲಗಿರಿ, ಕರ್ಪೂರ, ಮೆಂಥಾಲ್ ಮೂಸಿದ ಕೂಡಲೇ ಕಟ್ಟಿದ ಮೂಗು ಬಿಟ್ಟಂತೆ ಭಾಸವಾಗುವುದು ಎಲ್ಲರ ಅನುಭವ. 1983ರಲ್ಲಿ ಬ್ರಿಟನ್ನಿನ ಸಂಶೋಧಕರು ಈ ಮೂರರ ಆವಿಯನ್ನೂ ಆರೋಗ್ಯವಂತರಿಗೆ ಮೂಸಿಸಿ, ಮೂಗಿನೊಳಗೆ ಗಾಳಿಯ ಹರಿವಿಗೆ ಇರುವ ತಡೆಯನ್ನು ಉಪಕರಣದಿಂದ ಅಳೆದರು. ತಡೆ ಕಡಿಮೆಯಾಗಿರಲಿಲ್ಲ, ಉಸಿರು ಸರಾಗವಾಗಿದೆ ಎಂಬ ಅನಿಸಿಕೆ ಮಾತ್ರ ಹೆಚ್ಚಿತ್ತು. ಮೆಂಥಾಲ್ ವಿಷಯದಲ್ಲಿ ಕಾರಣ ಈಗ ಸ್ಪಷ್ಟವಾಗಿದೆ. ತಣ್ಣನೆಯ ಗಾಳಿಯನ್ನು ಗುರುತಿಸುವ ನರಗ್ರಾಹಕವನ್ನೇ ಅದು ಉದ್ದೀಪಿಸುತ್ತದೆ. ಈ ಅನಿಸಿಕೆಯನ್ನು ಕಡೆಗಣಿಸಬೇಕಾಗಿಲ್ಲ. ರಾತ್ರಿಯಿಡೀ ಮೂಗು ಕಟ್ಟಿ ನಿದ್ದೆಗೆಟ್ಟವರಿಗೆ ಅದು ದೊಡ್ಡ ಸಮಾಧಾನ. ಅದನ್ನು ಕಾಯಿಲೆಯ ಗುಣವೆಂದು ತಿಳಿಯುವುದು ಮಾತ್ರ ತಪ್ಪು.

ಮನಸ್ಸಿನ ಮೇಲಿನ ಪರಿಣಾಮಕ್ಕೂ ಆಧಾರವಿದೆ. ಇತರ ಇಂದ್ರಿಯಗಳ ಸಂದೇಶ ಥಲಾಮಸ್ ಎಂಬ ನಿಲ್ದಾಣ ಹಾದು ಮಿದುಳಿನ ಹೊರಪದರ ಸೇರಿದರೆ, ವಾಸನೆಯ ಸಂದೇಶ ಭಾವನೆ ಮತ್ತು ನೆನಪಿನ ಭಾಗಗಳನ್ನು ನೇರವಾಗಿ ಮುಟ್ಟುತ್ತದೆ. ಆದರೆ ಇದರಿಂದ ರೋಗ ವಾಸಿಯಾಗುತ್ತದೆ ಎನ್ನುವುದಕ್ಕೆ ಪುರಾವೆ ತೆಳು. ಮರೆಗುಳಿ ಕಾಯಿಲೆಯವರಿಗೆ ಪರಿಮಳ ಚಿಕಿತ್ಸೆಯಿಂದ ಏನಾದರೂ ಪ್ರಯೋಜನವಿದೆಯೇ ಎಂದು ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆಗೆ ನಂಬುವಂಥ ಆಧಾರ ಸಿಗಲಿಲ್ಲ.

ಅಪಾಯದ ಕುರಿತು ಅತ್ಯಂತ ಮಹತ್ವದ ಕೆಲಸ ನಡೆದಿರುವುದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರ ನೇತೃತ್ವದಲ್ಲಿ ನಾಲ್ಕು ಆಸ್ಪತ್ರೆಗಳು ನಾಲ್ಕು ವರ್ಷ ಕೂಡಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸುಗಂಧ ತೈಲಗಳೊಂದಿಗೆ ನಂಟಿರುವ ಫಿಟ್ಸ್ ಕಾಣಿಸಿಕೊಂಡ 55 ವಯಸ್ಕರನ್ನು ಅದರಲ್ಲಿ ಗುರುತಿಸಲಾಯಿತು. ಇವರಲ್ಲಿ 33 ಜನಕ್ಕೆ ಮೊದಲೇ ಅಪಸ್ಮಾರವಿತ್ತು, ತೈಲ ಅದನ್ನು ಕೆರಳಿಸಿತು. ಉಳಿದ 22 ಜನಕ್ಕೆ ಆ ಕಾಯಿಲೆಯ ಹಿನ್ನೆಲೆಯೇ ಇರಲಿಲ್ಲ. ಕಾರಣವಾಗಿ ಕಂಡುಬಂದದ್ದು ನೀಲಗಿರಿ ಮತ್ತು ಕರ್ಪೂರ ಬೆರೆತ ಪದಾರ್ಥಗಳು. ಕುಡಿದರೆ ಮಾತ್ರ ತೊಂದರೆ ಎಂಬ ನಂಬಿಕೆಯನ್ನು ಇದೇ ತಜ್ಞರ ತಂಡದ ಹಿಂದಿನ ವರದಿಗಳು ಅಲುಗಾಡಿಸಿದ್ದವು. ನೀಲಗಿರಿ ಎಣ್ಣೆಯನ್ನು ಬರೀ ಮೂಸಿದವರಲ್ಲೂ ಫಿಟ್ಸ್ ದಾಖಲಾಗಿತ್ತು. ಈ ಘಟಕಗಳು ಕೊಬ್ಬಿನಲ್ಲಿ ಕರಗುವಂಥವು; ಶ್ವಾಸಕೋಶ ಮತ್ತು ಚರ್ಮದ ಮೂಲಕ ರಕ್ತ ಸೇರಿ ಮಿದುಳನ್ನು ಬೇಗ ತಲುಪುತ್ತವೆ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ ಬೇಕು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಕರ್ಪೂರದ ಬಿಲ್ಲೆ ಪುಡಿಮಾಡಿ ಕರಗಿಸಿ, ಕೂಸಿನ ಎದೆಗೆ, ಬೆನ್ನಿಗೆ ತಿಕ್ಕುವ ಪದ್ಧತಿ ನಮ್ಮಲ್ಲಿ ಈಗಲೂ ಇದೆ. ಬಟ್ಟಲಲ್ಲಿ ಎಣ್ಣೆ ಎಷ್ಟು, ಕರ್ಪೂರ ಎಷ್ಟು ಎಂದು ಯಾರೂ ತೂಗುವುದಿಲ್ಲ. ವಾಸನೆ ಕಡುವಾಗಿದ್ದಷ್ಟೂ ಒಳ್ಳೆಯದೆಂಬ ಭಾವನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1980ರ ದಶಕದಲ್ಲೇ ಹಚ್ಚುವ ಔಷಧಗಳಲ್ಲಿ ಕರ್ಪೂರ ಶೇ. 11 ಮೀರಕೂಡದೆಂದು ಕಟ್ಟುಮಾಡಿತು. ಒಂದು ಗ್ರಾಮಿನಷ್ಟು ಕರ್ಪೂರ ಹೊಟ್ಟೆ ಸೇರಿದರೆ ಪುಟ್ಟ ಮಗುವಿನ ಜೀವಕ್ಕೇ ಕುತ್ತು. ಪೂಜೆಯ ಕರ್ಪೂರ ನೋಡಲು ಬಿಳಿಯ ಪೆಪ್ಪರಮೆಂಟಿನ ಹಾಗಿರುವುದರಿಂದ ದೇವರ ಮುಂದಿನ ತಟ್ಟೆ ತೆವಳುವ ಮಗುವಿಗೆ ಎಟುಕಬಾರದು.

ಊಟಿಯಿಂದ ಬರುವವರು ನೀಲಗಿರಿ ಎಣ್ಣೆಯ ಜೊತೆಗೆ ಕೀಲುನೋವಿಗೆಂದು ವಿಂಟರ್‌ಗ್ರೀನ್ ಎಣ್ಣೆಯನ್ನೂ ತರುತ್ತಾರೆ. ಅದು ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್. ಒಂದು ಚಹಾ ಚಮಚೆ ಕುಡಿದರೆ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆ ನುಂಗಿದಂತೆ.

ಹಾಗಾದರೆ ಮನೆಯಲ್ಲಿ ಬಳಸುವುದು ಹೇಗೆ? ಆರೋಗ್ಯವಂತ ವಯಸ್ಕರು ಕರವಸ್ತ್ರದ ಮೂಲೆಗೆ ನೀಲಗಿರಿ ಎಣ್ಣೆಯ ಒಂದೆರಡು ಹನಿ ಹಾಕಿಕೊಂಡು ಆಗಾಗ ಮೂಸಬಹುದು. ದಿಂಬಿಗೆ ಸುರಿದು ರಾತ್ರಿಯಿಡೀ ಮಲಗುವುದು ಬೇಡ. ಮೈಗೆ ಹಚ್ಚುವುದಾದರೆ 30 ಮಿ.ಲೀ. ಕೊಬ್ಬರಿ ಎಣ್ಣೆಗೆ ಆರು ಹನಿ ಬೆರೆಸಿದರೆ ಸುಮಾರು ಶೇ. 1ರ ಮಿಶ್ರಣ ಸಿಗುತ್ತದೆ, ಅಷ್ಟು ಸಾಕು. ಡಿಫ್ಯೂಸರ್ ಇದ್ದವರು ಕಿಟಕಿ ತೆರೆದಿಟ್ಟು, ಸ್ವಲ್ಪ ಹೊತ್ತು ಉರಿಸಿ ಆರಿಸಲಿ. ಹಬೆ ತೆಗೆದುಕೊಳ್ಳಲು ಒಲೆಯ ಮೇಲಿನ ಕುದಿಯುವ ಪಾತ್ರೆಗೆ ಬಗ್ಗಬಾರದು. ಸುಟ್ಟ ಗಾಯಗಳಾಗುವುದು ಹೀಗೆಯೇ. ಅಪಸ್ಮಾರ ಇರುವವರು, ಬಾಲ್ಯದಲ್ಲಿ ಫಿಟ್ಸ್ ಬಂದಿದ್ದವರು ನೀಲಗಿರಿ, ಕರ್ಪೂರ ಎರಡನ್ನೂ ಬಿಡುವುದೇ ಸರಿ. ಆಸ್ತಮಾ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಎಳೆಯ ಮಕ್ಕಳ ಮೂಗಿಗಾಗಲೀ ಮುಖಕ್ಕಾಗಲೀ ಇವನ್ನು ಸವರಲೇಬಾರದು. ಮಗು ಎಣ್ಣೆ ಕುಡಿದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತಕ್ಷಣ 108ಕ್ಕೆ ಕರೆಮಾಡಿ, ಸೀಸೆಯನ್ನೂ ಆಸ್ಪತ್ರೆಗೆ ಒಯ್ಯಿರಿ.

ವೈದ್ಯರಲ್ಲಿ ಒಂದು ವಿನಂತಿ. ಮೊದಲ ಬಾರಿಗೆ ಫಿಟ್ಸ್ ಬಂದವರ ಮನೆಯವರನ್ನು ಮದ್ಯ, ನಿದ್ದೆ, ಮಾತ್ರೆಗಳ ಬಗ್ಗೆ ಕೇಳುವ ಹಾಗೆಯೇ ನೀಲಗಿರಿ ಎಣ್ಣೆ, ಕರ್ಪೂರ, ಮುಲಾಮುಗಳ ಬಗ್ಗೆಯೂ ಹೆಸರು ಹಿಡಿದು ಕೇಳಿ. ಅವನ್ನು ಔಷಧವೆಂದೇ ಎಣಿಸದ ಜನ ತಾವಾಗಿ ಹೇಳುವುದಿಲ್ಲ. ಕಾರಣ ಇದೇ ಎಂದು ಗೊತ್ತಾದರೆ ಎಷ್ಟೋ ಮಂದಿಗೆ ವರ್ಷಗಟ್ಟಲೆ ಅಪಸ್ಮಾರದ ಮಾತ್ರೆ ನುಂಗುವುದು ತಪ್ಪಬಹುದು.