ವಾಟ್ನಿ

ದೀಪಾವಳಿಗೆ ಅಂತೂರ-ಬೆಂತೂರಿಗೆ ಹೋದಾಗ ಮನೆಯಲ್ಲಿ ವಾಟ್ನಿ ಮಾತು ಬಂತು. ಹೊಲ ಪಾಲು ಮಾಡೋದಕ್ಕೆ ನಮ್ಮ ಕಡೆ ವಾಟ್ನಿ ಅಂತಾರೆ. ಅಣ್ಣ ಊರಲ್ಲೇ ಇದ್ದು ಉಳುತ್ತಾನೆ, ನಾನು ಬೆಂಗಳೂರಲ್ಲಿ ಕೋಡ್ ಬರೀತೀನಿ. ಅಪ್ಪ ಉತಾರ ಮುಂದಿಟ್ಟು, "ತಮ್ಮಾ, ಮಿರಜ, ಸಾಂಗ್ಲಿಯಂಥಾ ಸಂಸ್ಥಾನನ ವಾಟ್ನಿಯೊಳಗ ಹರದು ಹೋದವು. ನಮ್ದೇನು ದೊಡ್ಡದು?" ಅಂದರು.

ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗ್ಲಿಯವರದು, ಕುಂದಗೋಳ ಜಮಖಂಡಿಯವರದು ಅಂತ ಸಣ್ಣವನಿದ್ದಾಗಿಂದ ಕೇಳಿದ್ದೆ. ಮೂರೂ ಒಂದೇ ಮನೆತನದ ಆಸ್ತಿ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಆ ಮನೆತನ ಪಟವರ್ಧನರದು. ಮೂಲಪುರುಷ ಕೊಂಕಣದ ಹರಿಭಟ್ಟ, ಇಚಲಕರಂಜಿಯ ಘೋರ್ಪಡೆಯವರ ಮನೆ ಪುರೋಹಿತ. ಮಕ್ಕಳು ಪಂಚಾಂಗ ಬಿಟ್ಟು ಕತ್ತಿ ಹಿಡಿದರು. 1760ರ ದಶಕದಲ್ಲಿ ಪೇಶ್ವೆ ಮಾಧವರಾವ್ ಅವರಿಗೆ ಮಿರಜದ ಸುತ್ತಲಿನ ಸೀಮೆಯನ್ನು ಸರಂಜಾಮಾಗಿ ಕೊಟ್ಟ. ಊರುಗಳ ಕಂದಾಯ ತಗೊಳ್ಳಿ, ಬದಲಿಗೆ ಕುದುರೆ ಸೈನ್ಯ ಸಾಕಿ ಅನ್ನೋದು ಒಪ್ಪಂದ. ದಕ್ಷಿಣಕ್ಕೆ ಹೈದರಾಲಿ ಇದ್ದನಲ್ಲ! ಈ ಮನೆಯ ಪರಶುರಾಮ ಭಾವು 1790-91ರಲ್ಲಿ ಇಂಗ್ಲಿಷರ ಜೊತೆ ಸೇರಿ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಟಿಪ್ಪುವಿನ ದಂಡಿನಿಂದ ಕಿತ್ತುಕೊಂಡ. ಅವನ ವಂಶವೇ ಮುಂದೆ ಜಮಖಂಡಿಯನ್ನು ಆಳಿತು.

ಮಧ್ಯಯುಗದ ಇಂಗ್ಲೆಂಡಿನಲ್ಲೂ ರಾಜ ಹೀಗೇ ಸೈನ್ಯಕ್ಕಾಗಿ ಭೂಮಿ ಕೊಡುತ್ತಿದ್ದ. ಆದರೆ ಅಲ್ಲಿ ಸಾಮಾನ್ಯವಾಗಿ ಹಿರಿಮಗನಿಗೇ ಎಲ್ಲ. ಇಲ್ಲಿ ಅಣ್ಣತಮ್ಮಂದಿರಿಗೆಲ್ಲ ಪಾಲು. 1801ರಲ್ಲಿ ಚಿಂತಾಮಣರಾವ್ ಚಿಕ್ಕಪ್ಪ ಗಂಗಾಧರರಾವ್ ಜೊತೆ ಜಗಳಾಡಿ, ಮನೆದೇವರು ಗಣಪತಿಯನ್ನೂ ಎತ್ತಿಕೊಂಡು ಮಿರಜ ಬಿಟ್ಟು ಸಾಂಗ್ಲಿಗೆ ಹೋದ. ಉಳಿದ ಮಿರಜ 1820ರಲ್ಲಿ ನಾಲ್ಕು ಪಾಲಾಯಿತು. ಅದರಲ್ಲಿ ಎರಡು ಪಾಲು ಗಂಡು ಸಂತಾನವಿಲ್ಲ ಅಂತ 1842 ಮತ್ತು 1845ರಲ್ಲಿ ಕಂಪನಿ ಸರಕಾರದ ಹೊಟ್ಟೆ ಸೇರಿದವು. ನಮ್ಮ ಪಕ್ಕದ ನರಗುಂದದ ಬಾಬಾಸಾಹೇಬ ದತ್ತು ತಗೊಳ್ಳಲು ಒಪ್ಪಿಗೆ ಸಿಗದೇ 1858ರಲ್ಲಿ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ್ದೂ ಇದೇ ಕಾನೂನಿನ ಕಥೆ.

ಮಿರಜ, ಸಾಂಗ್ಲಿಯ ವಾಡೆಗಳಲ್ಲಿ ಎಳೆದ ಗೆರೆ ನಮ್ಮ ಎರೆಹೊಲಗಳ ನಡುವೆ ಬಂದು ಬಿತ್ತು. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಬಸ್ಸಲ್ಲಿ ಅರ್ಧ ತಾಸಿನ ದಾರಿ. ಆದರೆ ಇವರ ದೊರೆ ಬೇರೆ, ಅವರ ದೊರೆ ಬೇರೆ. ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ಹತ್ತನೇ ಶತಮಾನದ ಪಂಪ ತನ್ನ ಕಾವ್ಯದ ಕನ್ನಡ ಇಲ್ಲಿಯದು ಅಂತ ಹೆಮ್ಮೆಪಟ್ಟ ಊರು. ಆ ಊರನ್ನ ಮರಾಠಿ ದರ್ಬಾರಿಗೆ ಹಂಚುವಾಗ ಉಳುವವರನ್ನ ಯಾರೂ ಕೇಳಲಿಲ್ಲ. 1948ರಲ್ಲಿ ಈ ಸಂಸ್ಥಾನಗಳು ಮುಂಬೈ ಪ್ರಾಂತಕ್ಕೆ ಸೇರಿದವು, 1956ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಗದಗ ಜಿಲ್ಲೆಯಾದಾಗ ಲಕ್ಷ್ಮೇಶ್ವರ, ಶಿರಹಟ್ಟಿ ಎರಡೂ ಅದರೊಳಗೇ ಬಂದವು.

ಇದನ್ನೆಲ್ಲ ಓದುವಾಗ "ಗಂಡು ಸಂತಾನವಿಲ್ಲ" ಅನ್ನೋ ಮಾತು ಮುಳ್ಳಿನ ಹಾಗೆ ಚುಚ್ಚಿತು. ಸಂಸ್ಥಾನ ಮುಳುಗಿದರೂ ಸರಿ, ಹೆಣ್ಣುಮಕ್ಕಳು ಲೆಕ್ಕಕ್ಕಿಲ್ಲ. ಅಪ್ಪ ತೋರಿಸಿದ ಕಾಗದದಲ್ಲೂ ಪಾಲು ಎರಡೇ. ಅಕ್ಕನಿಗೆ ಉಳಿದದ್ದು ಹಕ್ಕು ಬಿಟ್ಟೆ ಅಂತ ಸಹಿ ಹಾಕೋ ಜಾಗ ಮಾತ್ರ. 2005ರ ಕಾನೂನು ಅವಳಿಗೂ ಸಮಪಾಲು ಕೊಡುತ್ತೆ.

"ಅಪ್ಪಾ, ಪಾಲು ಮೂರು ಆಗಬೇಕು" ಅಂದೆ.

ಅಣ್ಣ ಸಿಟ್ಟಾಗಿ, "ಇನ್ನೂ ಹರೀರಿ. ನೀ ಅಂತೂ ಬೆಂಗಳೂರಾಗ ಇರತಿ, ಬಿತ್ತಾಂವ ನಾನು" ಅಂದ.

ಅವನ ಮಾತೂ ಸುಳ್ಳಲ್ಲ. ಬಿತ್ತುವವನನ್ನ ಕೇಳದೇ ಗೆರೆ ಎಳೆದರೆ ನಾನೂ ಪಟವರ್ಧನರ ಸಾಲಿಗೇ ಸೇರ್ತೀನಿ. ಅದಕ್ಕೇ, ಉತಾರದಲ್ಲಿ ಮೂರೂ ಹೆಸರಿರಲಿ, ಹೊಲದಲ್ಲಿ ಬದು ಬೇಡ, ಉಳುಮೆ ಅಣ್ಣನದೇ ಅಂತ ಹೇಳಿ ಬಂದಿದ್ದೀನಿ. ಅಪ್ಪ ಇನ್ನೂ ಹೂಂ ಅಂದಿಲ್ಲ. ಅಕ್ಕನನ್ನಂತೂ ಇಲ್ಲಿವರೆಗೆ ಯಾರೂ ಕೇಳಿರಲಿಲ್ಲ. ಇವತ್ತು ರಾತ್ರಿ ನಾನೇ ಫೋನ್ ಮಾಡ್ತೀನಿ.