ನೀಲಿ ಜಾಕೆಟ್ಟಿನ ಬೆನ್ನಿಗೆ ನಿಂತ ಕಾನೂನು

ಹಳ್ಳಿ ಮಕ್ಕಳಿಗೆ ಬೇಸಾಯದ ಪಾಠ ಹೇಳಿ ವಯಸ್ಸಾದ ನನಗೆ ಅಮೆರಿಕದ ಎಫ್‌ಎಫ್‌ಎ ಚರಿತ್ರೆಯೆಂದರೆ ಅಕ್ಕರೆ. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಅಲ್ಲಿನ ಹೈಸ್ಕೂಲುಗಳಲ್ಲಿ ಕೃಷಿ ಕಲಿಸುವ ಮೇಷ್ಟ್ರುಗಳ ಸಂಬಳಕ್ಕೆ ಕೇಂದ್ರ ಸರ್ಕಾರದ ಹಣ ಒದಗಿಸಿತು. ಆ ತರಗತಿಗಳ ಹುಡುಗರು 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸೇರಿ ‘ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ’ (ಎಫ್‌ಎಫ್‌ಎ) ಎಂಬ ಸಂಘ ಕಟ್ಟಿದರು.

1933ರಲ್ಲಿ ಒಹಾಯೋದ ಫ್ರೆಡರಿಕ್‌ಟೌನ್ ಹುಡುಗರು ನೀಲಿ ಕಾರ್ಡುರಾಯ್ ಜಾಕೆಟ್ ತೊಟ್ಟು ಸಮಾವೇಶಕ್ಕೆ ಬಂದರು. ಬೆನ್ನ ಮೇಲೆ ಲಾಂಛನ: ಅಡ್ಡ ಕೊಯ್ದ ಮುಸುಕಿನ ಜೋಳದ ತೆನೆ, ಹುಟ್ಟುವ ಸೂರ್ಯ, ನೇಗಿಲು, ಗೂಬೆ. ನೋಡಿದವರಿಗೆಲ್ಲ ಹಿಡಿಸಿತು; ಅದೇ ಸಂಘದ ಅಧಿಕೃತ ಉಡುಪಾಯಿತು. ರೈತನ ಮಗ ತಲೆಯೆತ್ತಿ ನಡೆಯಲು ಇಂಥದ್ದೊಂದು ಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

1950ರಲ್ಲಿ ಸಂಸತ್ತು 740ನೇ ಸಾರ್ವಜನಿಕ ಕಾನೂನಿನ ಮೂಲಕ ಸಂಘಕ್ಕೆ ಸನ್ನದು ಕೊಟ್ಟಿತು. ಶಿಕ್ಷಣ ಕಚೇರಿಯ ಅಧಿಕಾರಿಗಳು ಸರ್ಕಾರಿ ನೌಕರಿಯಲ್ಲಿದ್ದೇ ಸಂಘದ ಕೆಲಸ ಮಾಡಬಹುದಾಯಿತು. ಹೀಗೆ ಅಧಿಕಾರಿಯ ಸಮಯವನ್ನು ಮಕ್ಕಳಿಗೆ ಬಿಟ್ಟುಕೊಡುವುದು ಹಣದ ನೆರವಿಗಿಂತ ದೊಡ್ಡದು.

ಆದರೆ ಆ ನೆರವು ಎಲ್ಲರನ್ನೂ ಸಮನಾಗಿ ಮುಟ್ಟಲಿಲ್ಲ. ವರ್ಣಭೇದದ ದಕ್ಷಿಣ ರಾಜ್ಯಗಳ ಕಪ್ಪು ಹುಡುಗರು 1935ರಲ್ಲಿ ಟಸ್ಕೀಗೀಯಲ್ಲಿ ‘ನ್ಯೂ ಫಾರ್ಮರ್ಸ್ ಆಫ್ ಅಮೆರಿಕ’ ಎಂಬ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡಿದ್ದರು. ಅವರದು ಕಪ್ಪು ಜಾಕೆಟ್, ಚಿನ್ನದ ಬಣ್ಣದ ಅಕ್ಷರ. 1965ರಲ್ಲಿ ಎರಡೂ ಒಂದಾದವು. ಉಳಿದದ್ದು ಮಾತ್ರ ನೀಲಿ ಜಾಕೆಟ್, ಎಫ್‌ಎಫ್‌ಎ ಹೆಸರು. ಕಪ್ಪು ಜಾಕೆಟ್ಟಿಗೂ ಅಲ್ಲಿ ಜಾಗವಿರಬೇಕಿತ್ತು. ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಪೂರ್ಣ ಸದಸ್ಯತ್ವ ಸಿಗಲು 1969ರವರೆಗೆ ಕಾಯಬೇಕಾಯಿತು.