ಮಹಾಯಂತ್ರಮಾನವನೂ ಪ್ರೇಕ್ಷಕನ ವಿಶ್ವಾಸವೂ

ಮನೆಗಳಿಗಿಂತ ಎತ್ತರವಾದ ಉಕ್ಕಿನ ಯಂತ್ರಮಾನವನನ್ನು ಪ್ರೇಕ್ಷಕನು ನಂಬುವುದೂ ಪ್ರೀತಿಸುವುದೂ ಹೇಗೆ? ಜಪಾನಿನ ದೂರದರ್ಶನದ ಆನಿಮೇಷನ್ ಮಾಲಿಕೆಗಳ ಚರಿತ್ರೆಯನ್ನು ನೋಡಿದರೆ, ಉತ್ತರವು ಆ ಯಂತ್ರದ ಮಿತಿಗಳಲ್ಲಿಯೇ ಅಡಗಿರುವಂತೆ ತೋರುತ್ತದೆ.

ಯೋಕೋಯಾಮಾ ಮಿತ್ಸುತೆರು ಅವರು 1934ರಲ್ಲಿ ಕೋಬೆ ನಗರದಲ್ಲಿ ಜನಿಸಿದರು. 1945ರ ವಿಮಾನದಾಳಿಗಳಲ್ಲಿ ಆ ನಗರದ ಬಹುಭಾಗವು ಸುಟ್ಟುಹೋಯಿತು. 1956ರಲ್ಲಿ ಅವರು ಆರಂಭಿಸಿದ ‘ತೆತ್ಸುಜಿನ್ 28-ಗೋ’ ಎಂಬ ಚಿತ್ರಕಥೆಯು 1963ರಲ್ಲಿ ದೂರದರ್ಶನಕ್ಕೆ ಬಂದಿತು. ಅದರ ದೈತ್ಯನು ಯುದ್ಧಕಾಲದಲ್ಲಿ ಸೇನೆಗಾಗಿ ಕಲ್ಪಿಸಲ್ಪಟ್ಟ ಆಯುಧ. ಅವನಿಗೆ ಸ್ವಂತ ವಿವೇಕವಿಲ್ಲ. ನಿಯಂತ್ರಣದ ಪೆಟ್ಟಿಗೆ ಯಾರ ಕೈಸೇರುವುದೋ ಅವರಿಗೆ ಅವನು ಆಳು. ಷೋತಾರೋ ಎಂಬ ಬಾಲಕನ ಕೈಯಲ್ಲಿ ರಕ್ಷಕನಾದವನೇ ದುಷ್ಟರ ಕೈಯಲ್ಲಿ ಭಕ್ಷಕನಾಗಬಲ್ಲನು. ಬಾಲಕನ ಹೊಣೆಯ ಭಾರವನ್ನು ಕಂಡ ಪ್ರೇಕ್ಷಕನಿಗೆ ಆ ಮೂಕಯಂತ್ರದಲ್ಲಿಯೂ ಮಮತೆ ಹುಟ್ಟುತ್ತದೆ.

1972ರ ‘ಮಾಜಿಂಗರ್ ಝಡ್’ನಲ್ಲಿ ಚಾಲಕನು ಯಂತ್ರದ ಶಿರಸ್ಸನ್ನೇ ಏರಿ ಕುಳಿತನು, ಯಂತ್ರದ ಪೆಟ್ಟು ಇನ್ನು ಮನುಷ್ಯನ ಪೆಟ್ಟೂ ಆಯಿತು. 1979ರಲ್ಲಿ ತೊಮಿನೋ ಯೋಷಿಯುಕಿ ಅವರು ನಿರ್ದೇಶಿಸಿದ ‘ಗಂಡಮ್’ ಮಾಲಿಕೆಯ 18 ಮೀಟರ್ ಎತ್ತರದ ಯಂತ್ರಕ್ಕೆ ಮದ್ದುಗುಂಡು ತೀರುತ್ತದೆ, ಅಂಗಗಳು ಮುರಿಯುತ್ತವೆ, ದುರಸ್ತಿಯೂ ಬೇಕಾಗುತ್ತದೆ. ಅದರ ಹದಿಹರೆಯದ ಚಾಲಕನು ಯುದ್ಧಕ್ಕೆ ಅಂಜುತ್ತಾನೆ. ವಿಶ್ವಾಸಕ್ಕೆ ಇದಕ್ಕಿಂತ ದೃಢವಾದ ಆಧಾರ ಬೇರೆ ಬೇಕಿಲ್ಲ.

1995ರ ಭೂಕಂಪದಲ್ಲಿ ಕೋಬೆಯ ನಾಗತಾ ಪ್ರದೇಶವು ಮತ್ತೊಮ್ಮೆ ಬೆಂಕಿಗೆ ತುತ್ತಾಯಿತು. ಪುನರುತ್ಥಾನದ ಕುರುಹಾಗಿ 2009ರಲ್ಲಿ ಅಲ್ಲಿಯ ಜನರು ನಿಲ್ಲಿಸಿಕೊಂಡುದು ತೆತ್ಸುಜಿನ್‌ನ ಬೃಹತ್ ಪ್ರತಿಮೆಯನ್ನು. ಸಂಹಾರಕ್ಕೆಂದು ಕಲ್ಪಿತವಾದ ಯಂತ್ರವು ಎರಡು ಬಾರಿ ಸುಟ್ಟ ಊರಿನ ಕಾವಲುಗಾರನಾಯಿತು. ಶಕ್ತಿಯು ಪ್ರೀತಿಪಾತ್ರವಾಗಬೇಕಾದರೆ ಅದಕ್ಕೆ ಉತ್ತರವಾದಿಯಾದ ಮನುಷ್ಯನೊಬ್ಬನು ಕಾಣಿಸಬೇಕೆಂಬುದೇ ಈ ಚರಿತ್ರೆಯ ಸಾರ.